ನಿದ್ದೆಗೆಡಿಸುವ ಪುಸ್ತಕಗಳು

(ಬಟವಾಡೆಯ ಮರುದಿನ, ಭಾನುವಾರ ಸಂಜೆ, ಗಿರಣಿ ಕೆಲಸಗಾರರ ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)

ಅಧ್ಯಕ್ಷರೇ, ಗಿರಣಿಯ ಬಂಧುಗಳೇ, ಅಂಗಡಿ ಬಾಗಿಲು ಎಳೆದು ಬಂದಿರುವ ಪೇಟೆಯ ಮಿತ್ರರೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ,

ಪುಸ್ತಕಗಳ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಮೆಟ್ಟಿಲು ಹತ್ತುವಾಗಲೇ ನೂಲು ಖಾತೆಯ ಹಿರಿಯರೊಬ್ಬರು ನಮ್ಮನ್ನು ತಡೆದು, "ಏನ್ರೀ, ಪುಸ್ತಕ ಓದಿದರೆ ಬಟವಾಡೆ ಹೆಚ್ಚಾಗುತ್ತದೇನು?" ಎಂದು ಕೇಳಿದರು. ಸುತ್ತ ನಿಂತವರು ನಕ್ಕರು. ನಾವೂ ನಕ್ಕೆವು. ಆದರೆ ಅದು ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ದಿನಕ್ಕೆ ಒಂದು ಪಾಳಿ ದುಡಿದು, ಓವರ್‌ಟೈಮ್ ಸಿಕ್ಕರೆ ಅದನ್ನೂ ಮಾಡಿ ಮನೆಗೆ ಬಂದವನ ಕೈಗೆ ಪುಸ್ತಕ ಕೊಡುವವರು ಆ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಹೇಳಲು ಪ್ರಯತ್ನ ಮಾಡುತ್ತೇವೆ.

ನಮ್ಮ ಮನೆಗಳಲ್ಲಿ ಪುಸ್ತಕವೇ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಪಂಚಾಂಗವಿದೆ, ಮಕ್ಕಳ ಪಠ್ಯವಿದೆ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕವಿದೆ. ಈ ಉದ್ರಿ ಪುಸ್ತಕವನ್ನು ನಾವು ಎಷ್ಟು ಶ್ರದ್ಧೆಯಿಂದ ಓದುತ್ತೇವೆ! ಎರಡು ಸೇರು ಅಕ್ಕಿ ಹೆಚ್ಚಿಗೆ ಬರೆದಿದ್ದರೆ ಆ ಸಾಲು ಕಣ್ಣಿಗೆ ಬೀಳದೆ ಹೋಗುವುದಿಲ್ಲ. ಅಂಗಡಿಯ ಮಿತ್ರರಿಗಂತೂ ಕಿರ್ದಿ ಖಾತೆಗಳೇ ರಾಮಾಯಣ, ಭಾರತ. ಅಂದಮೇಲೆ ನಮಗೆ ಓದಲು ಬಾರದೆಂಬುದು ಸುಳ್ಳು. ನಮ್ಮ ಲೆಕ್ಕ ಎಲ್ಲಿ ಬರೆದಿದೆಯೋ ಅದನ್ನು ನಾವು ಓದುತ್ತೇವೆ. ಇವತ್ತು ಕತೆ ಕಾದಂಬರಿಗಳ ಮಾತು ಬೇಡ. ಅವುಗಳ ಮೇಲೆ ನಮಗೆ ದ್ವೇಷವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಓದಿದವನು ತನ್ನ ಬಾಳಿನ ಲೆಕ್ಕವನ್ನೇ ಮತ್ತೊಮ್ಮೆ ಕೂಡಿ ಕಳೆಯುವಂತೆ ಮಾಡಿದ ಕೆಲವು ಪುಸ್ತಕಗಳಿವೆ. ಅವುಗಳ ಸಂಗತಿ ಹೇಳುತ್ತೇವೆ.

ಮೊದಲು ಅಮೆರಿಕದ ಒಬ್ಬ ಗುಲಾಮನ ಕತೆ. ಕತೆಯೆಂದೆವು, ಆದರೆ ನಡೆದದ್ದು.

ಫ್ರೆಡರಿಕ್ ಡಗ್ಲಸ್ ಎಂಬಾತ 1818ರಲ್ಲಿ ಮೇರಿಲ್ಯಾಂಡ್ ಪ್ರಾಂತದಲ್ಲಿ ಗುಲಾಮನಾಗಿ ಹುಟ್ಟಿದ. ಎಂಟು ವರ್ಷದ ಹುಡುಗನನ್ನು ಬಾಲ್ಟಿಮೋರ್ ಪಟ್ಟಣದ ಒಂದು ಮನೆಗೆ ಕಳಿಸಿದರು. ಆ ಮನೆಯೊಡತಿ ಒಳ್ಳೆಯ ಹೆಂಗಸು. ಹಿಂದೆ ಗುಲಾಮರನ್ನು ಇಟ್ಟುಕೊಂಡು ಗೊತ್ತಿಲ್ಲದವಳು. ಹುಡುಗನಿಗೆ ಅಕ್ಷರ ಕಲಿಸತೊಡಗಿದಳು. ಯಜಮಾನನಿಗೆ ತಿಳಿಯಿತು. ಆತ ಹೆಂಡತಿಯನ್ನು ಗದರಿಸಿ, ಓದು ಕಲಿತ ಗುಲಾಮ ಕೆಲಸಕ್ಕೆ ಬಾರದವನಾಗುತ್ತಾನೆ, ಅವನಿಗೂ ಅದರಿಂದ ಸುಖವಿಲ್ಲ, ಅತೃಪ್ತಿಯೇ ಹುಟ್ಟುತ್ತದೆ ಎಂದು ಬುದ್ಧಿ ಹೇಳಿದ. ಹುಡುಗ ಇದನ್ನೆಲ್ಲ ಕೇಳಿಸಿಕೊಂಡ. ಯಜಮಾನ ಇಷ್ಟು ಹೆದರುವ ವಸ್ತುವೊಂದಿದೆ ಎಂದರೆ ಅದು ತನಗೆ ಬೇಕೇ ಬೇಕು ಎಂದು ಅವನು ಅಂದೇ ತೀರ್ಮಾನಿಸಿದ. ನಮ್ಮ ಅಭಿಪ್ರಾಯದಲ್ಲಿ ಅವನ ಮೊದಲನೆಯ ಮೇಷ್ಟ್ರು ಆ ಯಜಮಾನನೇ!

ಮುಂದೆ ಕಲಿತದ್ದು ಹೇಗೆ ಗೊತ್ತೇ? ಮನೆಯಿಂದ ರೊಟ್ಟಿಯ ತುಂಡು ಜೇಬಿಗೆ ಹಾಕಿಕೊಂಡು ಹೋಗಿ, ಬೀದಿಯಲ್ಲಿ ಹಸಿದಿದ್ದ ಬಡ ಬಿಳಿಯರ ಹುಡುಗರಿಗೆ ಕೊಟ್ಟು, ಬದಲಿಗೆ ಒಂದೊಂದು ಪಾಠ ಹೇಳಿಸಿಕೊಂಡ. ರೊಟ್ಟಿಗೆ ಅಕ್ಷರದ ವ್ಯಾಪಾರ! ಬರೆಯುವುದನ್ನು ಹಡಗು ಕಟ್ಟುವ ಅಂಗಳದಲ್ಲಿ ಕಲಿತ. ಬಡಗಿಗಳು ಮರದ ತೊಲೆಗಳ ಮೇಲೆ, ಇದು ಹಡಗಿನ ಎಡಮಗ್ಗುಲಿಗೆ, ಇದು ಬಲಮಗ್ಗುಲಿಗೆ ಎಂದು ಒಂದೆರಡು ಅಕ್ಷರದ ಗುರುತು ಹಾಕುತ್ತಿದ್ದರು. ಆ ಗುರುತುಗಳನ್ನು ನೋಡಿ ನೋಡಿ ತಿದ್ದಿದ. ನಮ್ಮಲ್ಲಿ ಹತ್ತಿಯ ಬೇಲುಗಳ ಮೇಲಿನ ಮಾರ್ಕು ನೋಡಿ ಇಂಗ್ಲಿಷ್ ಅಕ್ಷರ ಕಲಿತ ಹಮಾಲರನ್ನು ನಾವು ಬಲ್ಲೆವು. ಅವರಿಗೆ ಈ ಮಾತು ಬೇಗ ಅರ್ಥವಾದೀತು.

ಹನ್ನೆರಡು ವರ್ಷದವನಾದಾಗ ಅವನು ಬೂಟು ಒರಸಿ ಕೂಡಿಟ್ಟ ಕಾಸಿನಲ್ಲಿ 50 ಸೆಂಟು ಕೊಟ್ಟು 'ದಿ ಕೊಲಂಬಿಯನ್ ಆರೇಟರ್' ಎಂಬ ಪುಸ್ತಕ ಕೊಂಡುಕೊಂಡ. 1797ರಲ್ಲಿ ಅಚ್ಚಾದ, ಶಾಲೆಯ ಹುಡುಗರಿಗೆ ಭಾಷಣ ಕಲಿಸುವ ಸಾಧಾರಣ ಪುಸ್ತಕ ಅದು. ಅದರಲ್ಲಿ ಒಬ್ಬ ಒಡೆಯನಿಗೂ, ಓಡಿಹೋಗಿ ಸಿಕ್ಕಿಬಿದ್ದ ಗುಲಾಮನಿಗೂ ನಡೆಯುವ ಒಂದು ಸಂವಾದವಿದೆ. ಒಡೆಯ ಗುಲಾಮಗಿರಿಯ ಪರವಾಗಿ ಏನೇನು ಹೇಳಬಹುದೋ ಎಲ್ಲವನ್ನೂ ಹೇಳುತ್ತಾನೆ. ಗುಲಾಮ ಒಂದೊಂದಕ್ಕೂ ಜವಾಬು ಕೊಡುತ್ತಾನೆ. ಕೊನೆಗೆ ಒಡೆಯನೇ ಸೋತು ಅವನನ್ನು ಬಿಟ್ಟುಬಿಡುತ್ತಾನೆ. ಹುಡುಗ ಅದನ್ನು ಎಷ್ಟು ಸಲ ಓದಿದನೋ! ಅವನ ಎದೆಯಲ್ಲಿ ಮೊದಲಿಂದಲೂ ಇದ್ದು ಬಾಯಿಗೆ ಬರದೆ ಹೋಗುತ್ತಿದ್ದ ಮಾತುಗಳಿಗೆ ಆ ಪುಸ್ತಕ ನಾಲಗೆ ಕೊಟ್ಟಿತು.

ಬಂಧುಗಳೇ, ಇಲ್ಲಿಗೆ ನಿಲ್ಲಿಸಿದರೆ ಕತೆ ಬಹಳ ಚೆನ್ನಾಗಿರುತ್ತದೆ. ಆದರೆ ಡಗ್ಲಸ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಓದಿದ ಮೇಲೆ ತನಗೆ ಸುಖವಾಗಲಿಲ್ಲ, ನರಕವಾಯಿತು ಎನ್ನುತ್ತಾನೆ. ಯಜಮಾನ ಹೇಳಿದ್ದ ಅತೃಪ್ತಿ ನಿಜವಾಗಿಯೂ ಬಂದು ಕುಳಿತಿತು. ತನ್ನ ಸ್ಥಿತಿ ಎಂಥದೆಂದು ಗೊತ್ತಾಯಿತೇ ಹೊರತು ಬಿಡುಗಡೆಯ ದಾರಿ ಗೊತ್ತಾಗಲಿಲ್ಲ. ಏನೂ ಅರಿಯದ ಜೊತೆಯ ಗುಲಾಮರನ್ನು ಕಂಡು ಅಸೂಯೆ ಪಟ್ಟನಂತೆ. ತಾನು ಒಂದು ಪಶುವಾಗಿ ಹುಟ್ಟಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದನಂತೆ.

ಈ ಮಾತನ್ನು ನಾವು ಮುಚ್ಚಿಡಲಾರೆವು. ಸಂಘದ ಒಬ್ಬ ಸಂಗಡಿಗರ ಮನೆಯಾಕೆ ಒಮ್ಮೆ ನಮ್ಮನ್ನು ಕಂಡು, "ಅಣ್ಣಾ, ನೀವು ಪುಸ್ತಕ ಕೊಟ್ಟ ಮೇಲೆ ಇವರು ಮನೆಯಲ್ಲಿ ಮಾತೇ ಆಡುವುದಿಲ್ಲ. ರಾತ್ರಿ ಮಗ್ಗುಲು ಬದಲಿಸುತ್ತಾ ಇರುತ್ತಾರೆ. ಮೊದಲೇ ಚೆನ್ನಾಗಿತ್ತು" ಎಂದು ಕಣ್ಣೀರು ಹಾಕಿಕೊಂಡರು. ನಮ್ಮ ಹತ್ತಿರ ಉತ್ತರವಿರಲಿಲ್ಲ. ಅದೇ ಸಂಗಡಿಗರು ಹಿಂದೆ ತೆಳುವಾದ ಒಂದು ಪುಸ್ತಕವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾಳಿಗೆ ಹೋಗಿ, ಊಟದ ಹೊತ್ತಿನಲ್ಲಿ ಓದುತ್ತಿದ್ದುದನ್ನು ಜಾಬರ್ ಕಂಡು ಅರ್ಧ ದಿನದ ಹಾಜರಿ ಕತ್ತರಿಸಿದ್ದ. ಆ ಅರ್ಧ ದಿನದ ದುಡ್ಡು ಮನೆಯ ಎಣ್ಣೆ ಉಪ್ಪಿನ ದುಡ್ಡು. ಪುಸ್ತಕ ಕೊಟ್ಟವರು ನಾವು, ದಂಡ ತೆತ್ತವರು ಆ ತಾಯಿ. ಓದಿನಿಂದ ಬರೀ ಬೆಳಕು ಬರುತ್ತದೆಂದು ವೇದಿಕೆಯ ಮೇಲೆ ನಿಂತು ಹೇಳುವವರು ಈ ಲೆಕ್ಕವನ್ನೂ ಹೇಳಬೇಕು.

ಡಗ್ಲಸ್‌ಗೆ ದಾರಿ ಸಿಕ್ಕಿದ್ದು ಕೆಲಸದ ಜಾಗದಲ್ಲಿ. ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ನೀರು ಸೋರದಂತೆ ಮಾಡುವ ಕಸಬು ಕಲಿತ. ದಿನಕ್ಕೆ ಒಂದೂವರೆ ಡಾಲರ್ ದುಡಿಯುತ್ತಿದ್ದ. ಶನಿವಾರ ರಾತ್ರಿ ಅಷ್ಟನ್ನೂ ಒಡೆಯನ ಕೈಗೆ ಎಣಿಸಿ ಕೊಡಬೇಕು. ಆರು ಡಾಲರ್ ತಂದುಕೊಟ್ಟ ವಾರ ಒಡೆಯ ಕೆಲವು ಸಲ ಆರು ಸೆಂಟು ವಾಪಸು ಕೊಡುತ್ತಿದ್ದ, ಹುರುಪು ಬರಲೆಂದು! ಹಾಗೆ ಕೊಟ್ಟಾಗ ಡಗ್ಲಸ್‌ಗೆ ಸಂತೋಷವಾಗಲಿಲ್ಲ. ಅಷ್ಟೂ ತನ್ನದೇ ಎಂದು ಒಡೆಯನಿಗೂ ಒಳಗೊಳಗೆ ಗೊತ್ತಿದೆ, ಅದಕ್ಕೇ ಈ ಆರು ಸೆಂಟು ಎಂದು ಅವನು ಲೆಕ್ಕ ಹಾಕಿದ. ನಿನ್ನೆ ಬಟವಾಡೆ ತೆಗೆದುಕೊಂಡಿರುವ ತಾವು ಈ ಆರು ಸೆಂಟನ್ನು ಮನಸ್ಸಿನಲ್ಲಿಡಿ. ಓದದೆ ಇದ್ದಿದ್ದರೆ ಅವನು ಆ ಆರು ಸೆಂಟಿಗೆ ಕೈಮುಗಿಯುತ್ತಿದ್ದ. 1838ರ ಸೆಪ್ಟೆಂಬರಿನಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಹೋದ. 1845ರಲ್ಲಿ ತನ್ನ ಬಾಳನ್ನು ತಾನೇ ಬರೆದು ಅಚ್ಚು ಹಾಕಿಸಿದ. ಒಡೆಯರ ಹೆಸರು, ಊರಿನ ಹೆಸರು, ಎಲ್ಲವನ್ನೂ ಬಿಚ್ಚಿ ಬರೆದದ್ದರಿಂದ ಹಿಡಿದು ಒಯ್ಯುವ ಭಯವಿತ್ತು. ಆದುದರಿಂದ ಕಡಲು ದಾಟಿ ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿಯ ಸ್ನೇಹಿತರು ಚಂದಾ ಎತ್ತಿ 1846ರಲ್ಲಿ ಅವನ ಬಿಡುಗಡೆಯನ್ನು ಕೊಂಡರು. ಒಂದು ಪುಸ್ತಕ ಬರೆದವನನ್ನು ಕ್ರಯಕ್ಕೆ ಬಿಡಿಸಿಕೊಳ್ಳಬೇಕಾದ ಕಾಲ ಅದು.

ಇನ್ನು ಎರಡನೆಯ ಪುಸ್ತಕ. ಇದು ಇಂಗ್ಲೆಂಡಿನದು. ಟಾಮಸ್ ಪೇನ್ ಎಂಬವನು ಹೆಂಗಸರ ಒಳಕುಪ್ಪಸ ಹೊಲಿಯುವವನ ಮಗ, ತಾನೂ ಅದೇ ಕಸಬು ಮಾಡಿದವನು. ಆಮೇಲೆ ಸುಂಕದ ಕಟ್ಟೆಯ ನೌಕರ. 1791ರಲ್ಲಿ ಅವನು 'ಮಾನವನ ಹಕ್ಕುಗಳು' ಎಂಬ ಅರ್ಥದ ಹೆಸರಿಟ್ಟು 'ರೈಟ್ಸ್ ಆಫ್ ಮ್ಯಾನ್' ಪುಸ್ತಕದ ಮೊದಲ ಭಾಗ ತಂದ. ಬೆಲೆ 3 ಷಿಲಿಂಗ್. ಅಷ್ಟು ಬೆಲೆ ಕೊಟ್ಟು ಕೊಳ್ಳುವವರು ದೊಡ್ಡ ಮನುಷ್ಯರು. ಸರ್ಕಾರ ಸುಮ್ಮನಿತ್ತು. 1792ರಲ್ಲಿ ಎರಡನೆಯ ಭಾಗ ಬಂತು, ಜೊತೆಗೆ ಆರು ಪೆನ್ಸಿನ ಅಗ್ಗದ ಪ್ರತಿಗಳೂ ಬಂದವು. ಚಮ್ಮಾರರು, ನೇಕಾರರು, ಕತ್ತರಿ ಸಾಣೆ ಹಿಡಿಯುವವರು ಕೊಂಡು ಓದತೊಡಗಿದರು. ಆಗ ಸರ್ಕಾರಕ್ಕೆ ರಾಜದ್ರೋಹ ಕಾಣಿಸಿತು! ಅದೇ ವರ್ಷ ಡಿಸೆಂಬರಿನಲ್ಲಿ ಪೇನ್ ಊರಲ್ಲಿಲ್ಲದಾಗಲೇ ವಿಚಾರಣೆ ನಡೆಸಿ ತಪ್ಪಿತಸ್ಥನೆಂದರು. ಪುಸ್ತಕ ಮಾರಿದ ಅಂಗಡಿಯವರನ್ನೂ ಸೆರೆಮನೆಗೆ ಹಾಕಿದರು. ಪೇಟೆಯ ಮಿತ್ರರು ಇದನ್ನು ಗಮನಿಸಬೇಕು. ಒಂದೇ ಸರಕು 3 ಷಿಲಿಂಗಿಗೆ ಮಾರಿದರೆ ವ್ಯಾಪಾರ, 6 ಪೆನ್ಸಿಗೆ ಮಾರಿದರೆ ಅಪರಾಧ.

ಅದರಲ್ಲಿ ಅಂಥದ್ದೇನಿತ್ತು? ದೊರೆತನ ವಂಶದಿಂದ ಬರತಕ್ಕದ್ದಲ್ಲ ಎಂಬುದು ಒಂದು. ನಮಗೆ ಅದಕ್ಕಿಂತ ಹೆಚ್ಚಾಗಿ ಹಿಡಿಸುವುದು ಎರಡನೆಯ ಭಾಗದ ಕೊನೆಯ ಅಧ್ಯಾಯ. ಅಲ್ಲಿ ಪೇನ್ ದೇಶದ ತೆರಿಗೆಯ ಲೆಕ್ಕವನ್ನು ಮುಂದಿಟ್ಟುಕೊಂಡು, ಅಂಗಡಿಯವನು ಖಾತೆ ಹಾಕುವ ಹಾಗೆ, ಬಡವರ ಮಕ್ಕಳಿಗೆ ವರ್ಷಕ್ಕೆ 4 ಪೌಂಡು, 50 ವರ್ಷ ದಾಟಿದ ದುಡಿಮೆಗಾರನಿಗೆ 6 ಪೌಂಡು, 60 ದಾಟಿದವನಿಗೆ 10 ಪೌಂಡು ಎಂದು ಬರೆಯುತ್ತಾನೆ. ಇದು ಭಿಕ್ಷೆಯಲ್ಲ, ಅವನು ಜೀವಮಾನವಿಡೀ ಕಟ್ಟಿದ ತೆರಿಗೆಯ ಬಾಬ್ತು ಅವನಿಗೆ ಬರಬೇಕಾದ ಬಾಕಿ ಎನ್ನುತ್ತಾನೆ. ನಮ್ಮ ಮುದುಕರು ಪಿಂಚಣಿಯ ಕಾಗದ ಹಿಡಿದು ಕಚೇರಿಯ ಮುಂದೆ ಕೈಕಟ್ಟಿ ನಿಲ್ಲುವುದನ್ನು ಕಂಡಾಗಲೆಲ್ಲ ನಮಗೆ ಈ ಅಧ್ಯಾಯ ನೆನಪಿಗೆ ಬರುತ್ತದೆ. ಬಾಕಿ ವಸೂಲಿಗೆ ಹೋದವನು ಕೈಕಟ್ಟುತ್ತಾನೆಯೇ?

ಆ ವರ್ಷವೇ ಲಂಡನ್ನಿನಲ್ಲಿ ಟಾಮಸ್ ಹಾರ್ಡಿ ಎಂಬ ಚಮ್ಮಾರನೊಬ್ಬ ವಾರಕ್ಕೆ ಒಂದು ಪೆನ್ನಿ ಚಂದಾ ಗೊತ್ತುಮಾಡಿ ದುಡಿಯುವವರ ಸಂಘ ಕಟ್ಟಿದ. ಆದರೆ ನಾವು ಹೇಳಬೇಕಾದದ್ದು ಈ ಪುಸ್ತಕ ನಮ್ಮ ದೇಶಕ್ಕೆ ಬಂದ ಸಂಗತಿ. ಪುಣೆಯಲ್ಲಿ ಹೂವಿನ ಕಸಬಿನ ಮಾಲಿಗಳ ಮನೆಯಲ್ಲಿ 1827ರಲ್ಲಿ ಹುಟ್ಟಿದ ಜ್ಯೋತಿರಾವ್ ಫುಲೆ ತಮ್ಮ ಇಪ್ಪತ್ತನೆಯ ವಯಸ್ಸಿನ ಸುಮಾರಿಗೆ ಪೇನ್‌ನ ಈ ಪುಸ್ತಕ ಓದಿದರು. ಅಲ್ಲಿ ಇಂಗ್ಲೆಂಡಿನ ಶ್ರೀಮಂತ ಜಮೀನ್ದಾರರ ವಿಷಯವಾಗಿ ಬರೆದದ್ದು ಇಲ್ಲಿ ಜಾತಿಯ ಮೇಲುಕೀಳಿಗೆ ಕನ್ನಡಿ ಹಿಡಿದಂತೆ ಕಂಡಿರಬೇಕು. 1848ರಲ್ಲಿ ಅವರೂ ಅವರ ಪತ್ನಿ ಸಾವಿತ್ರಿಬಾಯಿಯವರೂ ಹೆಣ್ಣುಮಕ್ಕಳ ಶಾಲೆ ತೆರೆದರು. 1873ರಲ್ಲಿ ಫುಲೆಯವರು 'ಗುಲಾಮಗಿರಿ' ಎಂಬ ಪುಸ್ತಕ ಬರೆದರು. ಅದನ್ನು ಯಾರಿಗೆ ಅರ್ಪಿಸಿದರು ಬಲ್ಲಿರಾ? ನೀಗ್ರೋ ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ. ಬಾಲ್ಟಿಮೋರಿನ ಹಡಗಿನಂಗಳಕ್ಕೂ ಪುಣೆಯ ಹೂವಿನ ತೋಟಕ್ಕೂ ಯಾವ ಸಂಬಂಧ ಎಂದು ಕೇಳುವವರಿಗೆ ಆ ಅರ್ಪಣೆಯ ಪುಟವೇ ಉತ್ತರ.

ಅದೇ 1873ರಲ್ಲಿ ಫುಲೆಯವರು ಸತ್ಯಶೋಧಕ ಸಮಾಜ ಸ್ಥಾಪಿಸಿದರು. ಅದರಲ್ಲಿ ಅವರ ಸಂಗಡಿಗರಾಗಿದ್ದವರು ನಾರಾಯಣ ಮೇಘಾಜಿ ಲೋಖಂಡೆ. ಇವರು ಮುಂಬಯಿಯಲ್ಲಿ 'ದೀನಬಂಧು' ಪತ್ರಿಕೆ ನಡೆಸುತ್ತಾ ಗಿರಣಿ ಕೆಲಸಗಾರರನ್ನು ಒಟ್ಟುಗೂಡಿಸಿದರು. ಆಗ ಮುಂಬಯಿಯ ಗಿರಣಿಗಳಲ್ಲಿ ಬೆಳಕು ಹರಿದಾಗ ಚಕ್ರ ತಿರುಗಲು ಹಿಡಿದರೆ ಕತ್ತಲಾದ ಮೇಲೆ ನಿಲ್ಲುವುದು. ವಾರದ ರಜೆ ಎಂಬುದಿಲ್ಲ. 1884ರಲ್ಲಿ ಲೋಖಂಡೆಯವರು 5,500 ಕೆಲಸಗಾರರ ರುಜು ಹಾಕಿಸಿ ಅರ್ಜಿ ಕೊಟ್ಟರು. ಭಾನುವಾರ ಪೂರ್ತಿ ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ತಿಂಗಳ ಸಂಬಳ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕೈಗೆ, ಕೆಲಸದಲ್ಲಿ ಗಾಯವಾದವನಿಗೆ ಪರಿಹಾರ. ಕೇಳಿದ್ದು ಇಷ್ಟೇ. ಆರು ವರ್ಷ ಎಳೆದಾಡಿದರು. 1890ರಲ್ಲಿ ಹತ್ತು ಸಾವಿರದಷ್ಟು ಕೆಲಸಗಾರರು ಬಯಲಿನಲ್ಲಿ ಸಭೆ ಸೇರಿದರು. ಇಬ್ಬರು ಹೆಂಗಸರು ಎದ್ದು ನಿಂತು ಮಾತಾಡಿದರು. ಆ ವರ್ಷವೇ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ 1891ರ ಫ್ಯಾಕ್ಟರಿ ಕಾನೂನಿನಲ್ಲಿ ವಾರದ ರಜೆ ಸೇರಿತು.

ನೂಲು ಖಾತೆಯ ಹಿರಿಯರೇ, ತಾವು ಮೆಟ್ಟಿಲ ಬಳಿ ಕೇಳಿದಿರಿ. ನಾವು ಈಗ ಕುಳಿತಿರುವುದು ಆ ಭಾನುವಾರದಲ್ಲಿ.

ಆದರೆ ತಪ್ಪು ತಿಳಿಯಬಾರದು. ಪೇನ್ ಬರೆದ, ಫುಲೆ ಓದಿದರು, ಲೋಖಂಡೆ ರಜೆ ತಂದರು ಎಂದು ಮೂರು ಮಣಿ ಪೋಣಿಸಿ ಹಾರ ಮಾಡುವುದು ಸುಲಭ. ರುಜು ಹಾಕಿದ 5,500 ಜನರಲ್ಲಿ ಅನೇಕರಿಗೆ ಓದು ಬರಹ ಬಂದಿರಲಾರದು. ಸಭೆಯಲ್ಲಿ ಮಾತಾಡಿದ ಆ ಇಬ್ಬರು ಹೆಂಗಸರು ಪೇನ್‌ನ ಹೆಸರು ಕೇಳಿದ್ದಾರೆಂದು ನಮಗೆ ತೋರುವುದಿಲ್ಲ. ಬೆನ್ನು ನೋವು ಅವರಿಗೆ ಪುಸ್ತಕದಿಂದ ಗೊತ್ತಾಗಬೇಕಾಗಿರಲಿಲ್ಲ. ನೋವಿಗೆ ಹಕ್ಕು ಎಂದು ಹೆಸರಿಡಲು ಮಾತ್ರ ಯಾರೋ ಎಲ್ಲೋ ಓದಿರಬೇಕಾಗುತ್ತದೆ. ಅಷ್ಟೇ ನಮ್ಮ ವಾದ.

ಮುಂಬಯಿಯ ಮಾತು ಬಂದದ್ದರಿಂದ ಪರೇಲಿನ ಚಾಳಿನ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇವೆ. ಗಿರಣಿ ಕೆಲಸಗಾರರೇ ತುಂಬಿದ್ದ ಆ ಚಾಳಿನಲ್ಲಿ ಒಂದೇ ಕೋಣೆಯ ಸಂಸಾರ. ನಿವೃತ್ತ ಸುಬೇದಾರರ ಮಗನೊಬ್ಬ ಅಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಬುಡ್ಡಿ ದೀಪದಲ್ಲಿ ಓದುತ್ತಿದ್ದ. ಹುಡುಗ 1907ರಲ್ಲಿ ಮೆಟ್ರಿಕ್ ಪಾಸಾದ. ಅಸ್ಪೃಶ್ಯರೆನಿಸಿಕೊಂಡವರಲ್ಲಿ ಮೆಟ್ರಿಕ್ ಆಗುವುದು ಆಗ ಸಣ್ಣ ಮಾತಲ್ಲ. ಸಭೆ ಸೇರಿಸಿ ಸನ್ಮಾನ ಮಾಡಿದರು. ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ತಾವು ಮರಾಠಿಯಲ್ಲಿ ಬರೆದಿದ್ದ ಗೌತಮ ಬುದ್ಧನ ಚರಿತ್ರೆಯನ್ನು ಹುಡುಗನಿಗೆ ಕಾಣಿಕೆ ಕೊಟ್ಟರು. ಹುಡುಗ ಓದಿ ತಂದೆಯನ್ನೇ ಕೇಳಿದ: ದಿನವೂ ರಾಮಾಯಣ ಮಹಾಭಾರತ ಓದಿಸುತ್ತೀರಲ್ಲ, ಇದನ್ನು ಯಾಕೆ ಓದಿಸಲಿಲ್ಲ? ಶೂದ್ರರನ್ನೂ ಅಸ್ಪೃಶ್ಯರನ್ನೂ ಕೀಳಾಗಿ ಹೇಳುವ ಕತೆಗಳನ್ನೇ ಯಾಕೆ ಓದಿಸುತ್ತೀರಿ? ತಂದೆ ತಮಗೆ ತೋರಿದ ಸಮಾಧಾನ ಹೇಳಿದರು. ಕರ್ಣನೂ ಕೆಳಗಿನಿಂದ ಮೇಲೆ ಬಂದವನಲ್ಲವೇ, ನಾವು ಕೀಳೆಂಬ ಭಾವನೆ ನಿನಗೆ ಬರಬಾರದೆಂದೇ ಓದಿಸುತ್ತೇನೆ ಎಂದರು. ಮಗನಿಗೆ ಒಪ್ಪಿಗೆಯಾಗಲಿಲ್ಲ. ಆ ಮಗನೇ ಡಾಕ್ಟರ್ ಅಂಬೇಡ್ಕರ್. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ದೀಕ್ಷೆ ತೆಗೆದುಕೊಂಡರು. ಹದಿನಾರು ವರ್ಷದವನ ಕೈಗೆ ಬಿದ್ದ ಪುಸ್ತಕ 49 ವರ್ಷ ಒಳಗೇ ಕೆಲಸ ಮಾಡಿತು. ಮಕ್ಕಳು ಪಾಸಾದಾಗ ಪೇಡೆ ಹಂಚುವ ನಾವು ಕೇಳುಸ್ಕರ್ ಮೇಷ್ಟ್ರನ್ನು ನೆನೆಯಬೇಕು.

ಇನ್ನು ನಮ್ಮ ಬಸ್‌ಸ್ಟ್ಯಾಂಡಿನ ಪುಸ್ತಕಗಳಿಗೆ ಬರೋಣ. ಬಸ್ಸು ತಡವಾದಾಗ ತಾವೂ ನೋಡಿರುತ್ತೀರಿ. ನೀನು ಗೆಲ್ಲಬಲ್ಲೆ, ಶ್ರೀಮಂತನಾಗುವುದು ಹೇಗೆ, ಮನಸ್ಸಿನ ಶಕ್ತಿ ಎಂದು ಬಣ್ಣಬಣ್ಣದ ರಟ್ಟು. ಓದಲು ಸಮಯವಿಲ್ಲದವರಿಗೆ ಅದನ್ನೇ ಮೊಬೈಲಿನಲ್ಲಿ ಕೋಟು ಹಾಕಿದವರು ಕೂಗಿ ಹೇಳುತ್ತಾರೆ. ಈ ಪುಸ್ತಕಗಳೂ ನಮ್ಮನ್ನು ನಾವು ನೋಡಿಕೊಳ್ಳುವ ರೀತಿಯನ್ನು ಬದಲಾಯಿಸುತ್ತವೆ. ಸುಳ್ಳಲ್ಲ. ಇವಕ್ಕೆಲ್ಲ ಅಜ್ಜನೆನ್ನಬಹುದಾದ ಪುಸ್ತಕ ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ 'ಸೆಲ್ಫ್ ಹೆಲ್ಪ್'. 1859ರಲ್ಲಿ ಬಂತು, ಮೊದಲ ವರ್ಷದಲ್ಲೇ 20,000 ಪ್ರತಿ ಹೋಯಿತು. ವಿಚಿತ್ರವೆಂದರೆ ಅದು ಹುಟ್ಟಿದ್ದು ಇಂಥದ್ದೇ ಒಂದು ಸಭೆಯಲ್ಲಿ. ಲೀಡ್ಸ್ ಎಂಬ ಗಿರಣಿ ಊರಿನಲ್ಲಿ ಕೆಲಸಗಾರ ಯುವಕರು ಸಂಜೆ ಸೇರಿ, ಬಲ್ಲವರು ಬಾರದವರಿಗೆ ಓದು ಲೆಕ್ಕ ಹೇಳಿಕೊಡುತ್ತಿದ್ದರು. ಅವರು ಕರೆದದ್ದರಿಂದ ಸ್ಮೈಲ್ಸ್ ಹೋಗಿ ಭಾಷಣ ಮಾಡಿದ. ಆ ಭಾಷಣಗಳೇ ಬೆಳೆದು ಪುಸ್ತಕವಾದವು.

ನಮಗೆ ಸ್ಮೈಲ್ಸ್‌ನ ಮೇಲೆ ಸಿಟ್ಟಿಲ್ಲ. ಕುಡಿತ ಬಿಡು, ಕಾಲ ಹಾಳುಮಾಡಬೇಡ, ಕಸಬು ಕಲಿ ಎಂದರೆ ಬೇಡವೆನ್ನುವವರು ಯಾರು? ನಮ್ಮ ಪೇಟೆಯ ಮಿತ್ರರಲ್ಲಿ ಕೆಲವರು ತಳ್ಳುಗಾಡಿಯಿಂದ ಅಂಗಡಿಗೆ ಬಂದವರು. ಅವರ ಶ್ರಮವನ್ನು ಹಗುರವಾಗಿ ಕಾಣುವಷ್ಟು ಅವಿವೇಕ ನಮಗಿಲ್ಲ. ನಮ್ಮ ತಕರಾರು ಬೇರೆ. ಒಬ್ಬರಿಗೊಬ್ಬರು ಕಲಿಸುತ್ತಿದ್ದ ಯುವಕರ ಸಭೆಯಲ್ಲಿ ಹುಟ್ಟಿದ ಪುಸ್ತಕ, ಓದುಗನ ಕೈಗೆ ಬರುವಾಗ ಒಂಟಿ ಮನುಷ್ಯನ ಪುಸ್ತಕವಾಗಿ ಬಂತು. ಮೇಲೆ ಬಂದವನು ತನ್ನ ಗುಣದಿಂದ ಬಂದ ಎಂದು ನೂರು ಉದಾಹರಣೆ ಓದಿದವನು, ಬರಲಾರದವನು ತನ್ನ ದೋಷದಿಂದಲೇ ಉಳಿದ ಎಂದು ತಾನಾಗಿ ತಿಳಿದುಬಿಡುತ್ತಾನೆ. ನಮ್ಮೂರ ದೊಡ್ಡ ಗಿರಣಿ ಮುಚ್ಚಿದಾಗ ಏನಾಯಿತು? ನಲವತ್ತೈದು ವರ್ಷದ ಜಾಬರುಗಳು, ಫಿಟ್ಟರುಗಳು ಮನೆಯ ಜಗಲಿಯ ಮೇಲೆ ಕುಳಿತು, ನಾವೇ ಸರಿಯಿಲ್ಲ, ನಾವೇ ಮುಂದಾಲೋಚನೆ ಮಾಡಲಿಲ್ಲ ಎಂದು ಹಣೆ ಚಚ್ಚಿಕೊಂಡರು. ಯಂತ್ರಗಳನ್ನು ಹೊಸದು ಮಾಡದೆ ಲಾಭವನ್ನು ಬೇರೆಡೆಗೆ ಸಾಗಿಸಿದವರು ಹಣೆ ಚಚ್ಚಿಕೊಂಡದ್ದನ್ನು ನಾವು ಕಾಣಲಿಲ್ಲ. ಆ ಊರಿನಲ್ಲಿ ಗಿರಾಕಿ ಇಲ್ಲದೆ ಅಂಗಡಿ ಮುಚ್ಚಿದವರೂ ತಮ್ಮ ಹಣೆಯನ್ನೇ ಚಚ್ಚಿಕೊಂಡರು. ಪುಸ್ತಕ ಮುಚ್ಚಿದ ಮೇಲೆ ಕಣ್ಣ ಮುಂದೆ ತಾನೊಬ್ಬನೇ ನಿಂತಿದ್ದೇನೆಯೋ, ಪಕ್ಕದವನೂ ಕಾಣಿಸುತ್ತಿದ್ದಾನೆಯೋ ಎಂದು ನೋಡಿಕೊಂಡರೆ ಅದು ಎಂಥ ಪುಸ್ತಕವೆಂದು ತಿಳಿಯುತ್ತದೆ.

ಪೇಟೆಯವರಿಗೆಂದೇ ಒಂದು ಪುಸ್ತಕದ ಹೆಸರು ಹೇಳಬೇಕು. ಜಾನ್ ರಸ್ಕಿನ್ ಬರೆದ 'ಅನ್‌ಟು ದಿಸ್ ಲಾಸ್ಟ್'. ರಸ್ಕಿನ್ ನಮ್ಮ ಪಕ್ಷದವನೇನಲ್ಲ, ತಾನು ಹಳೆಯ ಕಾಲದ ಟೋರಿ ಎಂದೇ ಹೇಳಿಕೊಳ್ಳುತ್ತಿದ್ದವನು. ದ್ರಾಕ್ಷಾರಸದ ವ್ಯಾಪಾರಿಯ ಮಗ. ತಂದೆಯ ಸಮಾಧಿಯ ಮೇಲೆ ಪೂರಾ ಪ್ರಾಮಾಣಿಕ ವ್ಯಾಪಾರಿ ಎಂಬರ್ಥದ ಮಾತು ಕೆತ್ತಿಸಿದ. 1860ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಈ ಲೇಖನಗಳು ಬರಲು ಸುರುವಾದಾಗ ಓದುಗರು ಎಷ್ಟು ಗಲಾಟೆ ಮಾಡಿದರೆಂದರೆ ನಾಲ್ಕಕ್ಕೇ ನಿಲ್ಲಿಸಬೇಕಾಯಿತು. ಸಿಪಾಯಿ ದೇಶಕ್ಕಾಗಿ ಸಾಯಲು ಸಿದ್ಧನಿರುತ್ತಾನೆ, ವೈದ್ಯ ರೋಗಿಗಾಗಿ ಅಪಾಯಕ್ಕೆ ಸಿದ್ಧನಿರುತ್ತಾನೆ. ಹಾಗಾದರೆ ವ್ಯಾಪಾರಿ ಯಾವುದಕ್ಕಾಗಿ ನಷ್ಟಕ್ಕೆ, ಬೇಕಾದರೆ ಸಾವಿಗೆ ಸಿದ್ಧನಿರಬೇಕು ಎಂದು ರಸ್ಕಿನ್ ಕೇಳುತ್ತಾನೆ. ಕಲಬೆರಕೆ ಸರಕು ಮಾರುವುದಕ್ಕಿಂತ, ತನ್ನ ಕೈಕೆಳಗಿನವರನ್ನು ಬೀದಿಗೆ ಬಿಡುವುದಕ್ಕಿಂತ ತಾನೇ ನಷ್ಟ ಹೊರುವುದು ಅವನ ಧರ್ಮ ಎನ್ನುತ್ತಾನೆ. ವ್ಯಾಪಾರಿಗೂ ಸಿಪಾಯಿಯ ಮಾನ ಇದೆಯೆಂದು ಹೇಳಿದವರು ಬೇರೆ ಯಾರಿದ್ದಾರೆ?

1906ರಲ್ಲಿ ಇಂಗ್ಲೆಂಡಿನ ಲೇಬರ್ ಪಕ್ಷದವರು ಪಾರ್ಲಿಮೆಂಟಿಗೆ ಗೆದ್ದು ಬಂದಾಗ ಒಬ್ಬ ಪತ್ರಿಕಾಕರ್ತ ಅವರಿಗೆ ತಮ್ಮನ್ನು ರೂಪಿಸಿದ ಪುಸ್ತಕ ಯಾವುದೆಂದು ಕೇಳಿದ. ಗಣಿಯಲ್ಲಿ, ಗಿರಣಿಯಲ್ಲಿ ಬೆಳೆದ ಆ ಮಂದಿಯ ಉತ್ತರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಹೆಸರು ರಸ್ಕಿನ್. ಮಾರ್ಕ್ಸ್‌ನ ಹೆಸರು ಹೇಳಿದವರು ಬಹಳ ಕಡಿಮೆ!

ಗಾಂಧೀಜಿ ಇದನ್ನು 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿದ್ದು ತಮಗೆಲ್ಲ ಗೊತ್ತು. ಸ್ನೇಹಿತ ಪೋಲಾಕ್ ಸ್ಟೇಷನ್ನಿನಲ್ಲಿ ಕೈಗಿತ್ತ ಪುಸ್ತಕ, 24 ಗಂಟೆಯ ಪ್ರಯಾಣ, ರಾತ್ರಿ ನಿದ್ದೆಯಿಲ್ಲ. ಕ್ಷೌರಿಕನ ಕೆಲಸಕ್ಕೂ ವಕೀಲನ ಕೆಲಸಕ್ಕೂ ಒಂದೇ ಬೆಲೆ ಎಂಬುದನ್ನು ಹಿಡಿದುಕೊಂಡರು. ಆ ವರ್ಷವೇ ಫೀನಿಕ್ಸ್ ಎಂಬಲ್ಲಿ ಸುಮಾರು 100 ಎಕರೆ ಜಮೀನು ಕೊಂಡು, 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಅಚ್ಚುಕೂಟವನ್ನು ಅಲ್ಲಿಗೆ ಸಾಗಿಸಿದರು. ಬಣ್ಣ ದೇಶ ನೋಡದೆ ತಲೆಗೆ ತಿಂಗಳಿಗೆ 3 ಪೌಂಡು. ನಮ್ಮ ಗಿರಣಿಯ ಜನಕ್ಕೆ ಹಿಡಿಸುವ ಭಾಗ ಮುಂದಿನದು. ಮೊದಲನೆಯ ಸಂಚಿಕೆ ಅಚ್ಚಾಗಬೇಕಾದ ರಾತ್ರಿಯೇ ಆಯಿಲ್ ಎಂಜಿನ್ ಕೈಕೊಟ್ಟಿತು. ಇಂಥ ಹೊತ್ತಿಗೆಂದೇ ಇರಿಸಿದ್ದ ಕೈಚಕ್ರವಿತ್ತು, ತಿರುಗಿಸಲು ಒಂದು ಸಲಕ್ಕೆ ನಾಲ್ಕು ಆಳು ಬೇಕು. ಅಲ್ಲೇ ಮಲಗಿದ್ದ ಬಡಗಿಗಳನ್ನು ಎಬ್ಬಿಸಿದರು. ವಕೀಲ ಗಾಂಧಿಯೂ ಸೇರಿ ಪಾಳಿ ಹಾಕಿಕೊಂಡು ಬೆಳಗಿನವರೆಗೆ ಚಕ್ರ ತಿರುಗಿಸಿದರು. ಬೆಳಿಗ್ಗೆ ನೋಡಿದರೆ ಎಂಜಿನ್ ತಾನೇ ಸರಿಹೋಗಿ ಓಡಿತು. ಎಂಜಿನ್ನಿನ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದನ್ನೂ ಹೇಳಬೇಕು. ಅಚ್ಚುಕೂಟದ ಎಲ್ಲರೂ ಆ 3 ಪೌಂಡಿಗೆ ಒಪ್ಪಲಿಲ್ಲ. ಓದಿದವರು ಒಬ್ಬರು, ಸಂಬಳ ಇಳಿಯುವುದು ಹತ್ತು ಜನರದು! ಒಪ್ಪದವರಿಗೆ ಹಿಂದಿನಂತೆಯೇ ಸಂಬಳ ಕೊಡುವ ಏರ್ಪಾಡು ಮಾಡಿದರು. ಅದು ಗಾಂಧೀಜಿಯ ದೊಡ್ಡತನ. ಒಂದು ಪುಸ್ತಕ ಓದಿ ಊರನ್ನೇ ತಿದ್ದಲು ಹೊರಡುವ ನಮ್ಮ ತರುಣ ಸಂಗಡಿಗರು ಇದನ್ನು ಮರೆಯಬಾರದು. ನಾವೂ ನಮ್ಮ ತಾರುಣ್ಯದಲ್ಲಿ ಮರೆತು ಬೈಸಿಕೊಂಡದ್ದುಂಟು.

ಈಗ ಕೆಲಸದ ಮಾತು. ಪುಸ್ತಕಕ್ಕೆ ದುಡ್ಡೆಲ್ಲಿ ಎನ್ನುತ್ತೀರಿ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನಂತೆ ಮನೆಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ಅಂಗಡಿಯ ಮಿತ್ರರು ರಶೀದಿ ತೆಗೆದು ನೋಡಬಹುದು. ಬಾಡಿಗೆಗೆ ಇರುವವರು ಬಾಡಿಗೆಯಲ್ಲಿ ಅದನ್ನೂ ಕೊಡುತ್ತಿದ್ದೀರಿ. ಹಣ ಆಗಲೇ ಕೊಟ್ಟಾಗಿದೆ, ಸರಕು ಎತ್ತಿಕೊಂಡಿಲ್ಲ ಅಷ್ಟೆ. ಬೇಕಾದ ಪುಸ್ತಕ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಇಂಥದ್ದು ತರಿಸಿರಿ ಎಂದು ಹತ್ತು ಜನ ರುಜು ಹಾಕಿ ಬರೆದುಕೊಡಿ. ಲೋಖಂಡೆಯವರಿಗೆ 5,500 ಬೇಕಾಯಿತು, ನಮಗೆ ಹತ್ತು ಸಾಕು.

ಓದಲು ಹೊತ್ತಿಲ್ಲ, ಕಣ್ಣು ಸಾಲದು ಎನ್ನುತ್ತೀರಿ. ಕ್ಯೂಬಾ ದೇಶದ ಹವಾನಾದಲ್ಲಿ ಚುಟ್ಟಾ ಸುತ್ತುವ ಕೆಲಸಗಾರರು 1865ರಲ್ಲಿ ಒಂದು ಪದ್ಧತಿ ಸುರುಮಾಡಿದರು. ಒಬ್ಬನನ್ನು ಎತ್ತರದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸುವುದು, ಉಳಿದವರು ಕೈಕೆಲಸ ಮಾಡುತ್ತಾ ಕೇಳುವುದು. ಓದುವವನ ಕೂಲಿಯನ್ನು ಕೆಲಸಗಾರರೇ ತಮ್ಮ ಕೂಲಿಯಿಂದ ಕೊಡುತ್ತಿದ್ದರು. ಮರುವರ್ಷವೇ ಸರ್ಕಾರ ನಿಷೇಧಿಸಿತು, ಆದರೂ ಆ ಪದ್ಧತಿ ಸಾಯಲಿಲ್ಲ. ನಮ್ಮ ನೆರೆಯ ಕಣ್ಣೂರಿನ ಬೀಡಿ ಕೆಲಸಗಾರರೂ ಹೀಗೆಯೇ ಒಬ್ಬನಿಂದ ಪತ್ರಿಕೆ ಓದಿಸಿ, ಅವನ ಪಾಲಿನ ಬೀಡಿಯನ್ನು ತಾವು ಕಟ್ಟಿಕೊಟ್ಟರು. ಮಗ್ಗದ ಸದ್ದಿನಲ್ಲಿ ಇದು ಆಗತಕ್ಕದ್ದಲ್ಲ. ಪವರ್‌ಲೂಮಿನ ಷೆಡ್ಡಿನಲ್ಲಿ ಪಕ್ಕದವನು ಕೂಗಿದರೂ ಕೇಳುವುದಿಲ್ಲ. ಆದುದರಿಂದ ಭಾನುವಾರವೇ ಆಗಬೇಕು.

ಬರುವ ಭಾನುವಾರ ಸಂಜೆ ನಾಲ್ಕು ಗಂಟೆಗೆ ಇದೇ ವಾಚನಾಲಯದಲ್ಲಿ ಡಗ್ಲಸ್‌ನ ಪುಸ್ತಕ ಸುರುವಾಗುತ್ತದೆ. ಒಟ್ಟು ಹನ್ನೊಂದೇ ಅಧ್ಯಾಯ. ನಮ್ಮ ಮಿತ್ರರಲ್ಲಿ ಇಂಗ್ಲಿಷ್ ಬಲ್ಲ ಮೇಷ್ಟ್ರೊಬ್ಬರು ಒಂದೊಂದು ಪುಟವನ್ನೂ ಕನ್ನಡದಲ್ಲಿ ಹೇಳುತ್ತಾ ಹೋಗಲು ಒಪ್ಪಿದ್ದಾರೆ. ಅರ್ಥವಾಗದ ಕಡೆ ಯಾರು ಬೇಕಾದರೂ ತಡೆದು ಕೇಳಬಹುದು. ಚಹಾದ ಖರ್ಚನ್ನು ಪೇಟೆಯ ಮಿತ್ರರು ವಹಿಸಿಕೊಂಡಿದ್ದಾರೆ. ಆಗ ನಮ್ಮಲ್ಲಿ ಅತ್ತ ಆ ತಾಯಿಗೂ ಹೇಳಿ ಕಳಿಸಿದ್ದೇವೆ. ಈ ಸಲ ಪುಸ್ತಕವನ್ನು ಗಂಡನ ಕೈಗೆ ಕೊಟ್ಟು ಕಳಿಸುವುದಿಲ್ಲ, ನೀವೇ ಬಂದು ಕೂತು ಕೇಳಿ ಎಂದಿದ್ದೇವೆ. ಮಕ್ಕಳನ್ನು ಕರೆತರಬಹುದೇ ಎಂದು ಕೇಳಿದರು. ಕರೆತನ್ನಿ ಎಂದೆವು.